ಎಡಕ್ಕೆ ಗೋಡೆ

ನಲವತ್ತು ತುಂಬುವ ಮೊದಲೇ ನನಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ಜಡೆ ಹಾಕಿಕೊಳ್ಳುತ್ತಿದ್ದೆ. ಬಲಗೈ ತಲೆಯ ಮೇಲಿಂದ ತಾನಾಗಿಯೇ ಜಾರಿ ತೊಡೆಯ ಮೇಲೆ ಬಿತ್ತು. ಗಂಡನನ್ನು ಕರೆಯಲು ಬಾಯಿ ತೆರೆದರೆ ಬಂದದ್ದು ಮಾತಲ್ಲ, ಒಂದು ಥರದ ಗೊರಗೊರ ಸದ್ದು. ಎಂಟನೆಯ ತರಗತಿಯ ಹುಡುಗರನ್ನು ಒಂದೇ ಗದರಿಕೆಗೆ ಕೂರಿಸುತ್ತಿದ್ದ ಬಾಯಿ ಅದು. ಕಲಬುರ್ಗಿಯ ಖೂಬಾ ಪ್ಲಾಟಿನ ನಮ್ಮ ಬಾಡಿಗೆ ಮನೆಯಿಂದ ನನ್ನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು.

ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ, ಕೈಕಾಲಿಗೆ ಕಸರತ್ತು ಮಾಡಿಸಲು ಇಬ್ಬರು ಇರುವ ಒಂದು ಖೋಲಿಗೆ ಹಾಕಿದರು. ಆ ಖೋಲಿ ಹೇಗಿತ್ತೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಬೇಕಾದದ್ದೆಲ್ಲ ಅದರಲ್ಲೇ ಇದೆ. ಎರಡು ಕಬ್ಬಿಣದ ಮಂಚ, ನಡುವೆ ಓಡಾಡುವಷ್ಟು ಜಾಗ, ಕಾಲಿನ ಕಡೆಗೆ ಬಾಗಿಲು. ಒಂದು ಮಂಚ ಕಿಟಕಿಗೆ ಹತ್ತಿಕೊಂಡಿತ್ತು, ಇನ್ನೊಂದು ಎದುರಿನ ಬೋಳು ಗೋಡೆಗೆ. ಕಿಟಕಿಯ ಮಂಚದಲ್ಲಿ ಮಲಗಿದವರಿಗೆ ಬಲಕ್ಕೆ ಕಿಟಕಿ, ಎಡಕ್ಕೆ ಖೋಲಿ. ಗೋಡೆಯ ಮಂಚದಲ್ಲಿ ಮಲಗಿದವರಿಗೆ ಎಡಕ್ಕೆ ಗೋಡೆ, ಬಲಕ್ಕೆ ಖೋಲಿ. ನನಗೆ ಗೋಡೆಯ ಮಂಚ ಸಿಕ್ಕಿತು. ಕಿಟಕಿಯ ಮಂಚದಲ್ಲಿ ನನಗಿಂತ ಮೊದಲೇ ಬಂದ ಕಮಲಾಪುರದ ಹೆಂಗಸೊಬ್ಬಳು ಇದ್ದಳು.

ಐವತ್ತು ದಾಟಿದ್ದಳು. ನಾನು ಮನಸ್ಸಿನಲ್ಲೇ ಅಕ್ಕ ಎಂದೆ, ಈಗಲೂ ಹಾಗೇ ಎನ್ನುತ್ತೇನೆ. ನನಗೆ ಬಲಗಡೆ ಹೋಗಿತ್ತು, ಆಕೆಗೆ ಎಡಗಡೆ. ನನಗೆ ಮಾತು ಹೋಗಿತ್ತು, ಆಕೆಗೆ ಬಂಗಾರದಂಥ ಮಾತು ಉಳಿದಿತ್ತು, ಬೆಳಗಾದರೆ ಬಾಯಿಗೆ ಬಿಡುವಿರಲಿಲ್ಲ. ಊರಲ್ಲಿ ಕೌದಿ ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈಯಂತೆ. ಹಳೆಯ ಸೀರೆ, ಹರಿದ ಧೋತರ ತಂದುಕೊಟ್ಟರೆ ಸಾಕು, ಹೊದ್ದವರು ಹಾಸಿಗೆಯಿಂದ ಏಳಬಾರದು, ಹಾಗೆ ಹೊಲಿಯುತ್ತಿದ್ದೆ ಎಂದು ತಾನೇ ಹೇಳಿಕೊಳ್ಳುವಳು. ಮಗಳು ಬಸುರಿ. ಚೊಚ್ಚಲ ಮೊಮ್ಮಗುವಿಗೆ ಕೌದಿ ಹೊಲಿಯುವುದೊಂದೇ ಆಕೆಯ ತಲೆಯಲ್ಲಿತ್ತು.

"ಸೂಜಿ ಚುಚ್ಚೂದು ಯಾರ ಬೇಕಾದ್ರೂ ಚುಚ್ಚತಾರ ಯವ್ವಾ. ಅರಿವಿ ಹಿಡಿಯೂದು ಎಡಗೈ. ಅದೊಂದು ನನಗ ಬಂದ್ರ ಸಾಕು ನೋಡು, ಕಾಲು ಬರ್ಲಿ ಬಿಡ್ಲಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಆದರೆ ಆಕೆಗೆ ಹೋದದ್ದು ಬರೀ ಕೈಯಲ್ಲ. ಎಡಗಡೆ ಎನ್ನುವುದೇ ಹೋಗಿಬಿಟ್ಟಿತ್ತು. ಗಂಡ ಬಾಳೆತೋಟದ ಕೆಲಸ ಮುಗಿಸಿ ಬಸ್ಸಿನಲ್ಲಿ ಬುತ್ತಿ ತರುವನು. ಆಕೆ ತಾಟಿನ ಬಲಭಾಗದ ರೊಟ್ಟಿ ತಿಂದು, "ಪಲ್ಯ ಎಲ್ಲಿ ಅದ? ಒಣಾ ರೊಟ್ಟಿ ತಂದಿ ಏನು?" ಎಂದು ಅವನ ಮೇಲೆ ಹರಿಹಾಯುವಳು. ಪಲ್ಯ ಎಡಗಡೆಗೆ ಹಾಗೇ ಇರುತ್ತಿತ್ತು. ಪಾಪದ ಮನುಷ್ಯ ತಾಟು ತಿರುಗಿಸಿ ಇಟ್ಟರೆ, "ಈಗ ಹಾಕಿದಿ ನೋಡು," ಎಂದು ತಿನ್ನುವಳು. ಒಮ್ಮೆ ಆಯಾ ಆಕೆಯ ಎಡಗೈಯನ್ನೇ ಎತ್ತಿ ತೋರಿಸಿ ಇದು ಯಾರದಮ್ಮಾ ಎಂದರೆ, "ನಿಂದೇ ಇರಬೇಕು, ತಗೊಂಡ ಹೋಗು," ಎಂದಳು. ನಾನು ಸೊಟ್ಟ ಬಾಯಲ್ಲೇ ನಕ್ಕೆ. ಲಕ್ವಾ ಹೊಡೆದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಕಸರತ್ತು ಮಾಡಿಸಲು ಬರುತ್ತಿದ್ದವನು ಒಬ್ಬ ಎಳೆಯ ವಯಸ್ಸಿನ ಡಾಕ್ಟರ್. ಅಕ್ಕ ಅವನನ್ನು ಕಸರತ್ತಿನ ಸರ್ ಎಂದು ಕರೆದಳು, ಆ ಹೆಸರೇ ಎಲ್ಲರ ಬಾಯಿಗೂ ಹತ್ತಿತು. ಒಂದು ದಿನ ಅಕ್ಕನನ್ನು ಸ್ನಾನಕ್ಕೆ ಕರೆದೊಯ್ದಿದ್ದಾಗ ಅವನು ಬಂದು ನನ್ನ ಮಂಚದ ಹತ್ತಿರ ಕೂತ.

"ಟೀಚರ್, ಒಂದು ಉಪಕಾರ ಮಾಡ್ರಿ. ಆ ಅಮ್ಮಗ ಕಣ್ಣು ಚಲೋ ಅವ, ಕಿವಿ ಚಲೋ ಅವ. ಎಡಗಡೆ ಅಂಬೂದು ಒಂದು ಅದ ಅಂತ ಅವರ ತಲಿಗೇ ಹೊಳೆಯಂಗಿಲ್ಲ. ಅದಕ್ಕೇ ಅವರಿಗೆ ಆ ಪಲಂಗ ಕೊಟ್ಟೀನಿ. ಬಾಗಲ, ಬಂದ ಮಂದಿ, ಊಟ, ನೀವು, ಎಲ್ಲಾ ಅವರ ಎಡಕ್ಕೇ ಇರಬೇಕು. ನೀವು ಇಲ್ಲಿಂದ ಅವರನ್ನ ಕರೀತಾ ಇರ್ರಿ. ನಿಮಗ ಮಾತು ಬರ್ತದ, ಅವರಿಗೆ ಎಡಗಡೆ ಬರ್ತದ."

ನಾನು ತಲೆ ಆಡಿಸಿದೆ. ಮಾತಿಲ್ಲದವಳಿಗೆ ಒಬ್ಬರು ಕೆಲಸ ಒಪ್ಪಿಸಿದರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅಂದಿನಿಂದ ಕರೆಯಲು ಶುರುವಿಟ್ಟುಕೊಂಡೆ. ಮೊದಲು ಬರೀ 'ಅ' ಬರುತ್ತಿತ್ತು, ಮುಂದಿನದು ಗಂಟಲಲ್ಲೇ ಕೂತುಬಿಡುತ್ತಿತ್ತು. ಅಕ್ಕ ಕಿಟಕಿಯ ಕಡೆ ತಿರುಗಿ, "ಹೊರಗ ಯಾರೋ ಕರೀಲಾಕತ್ತಾರ ನೋಡ್ರೀ," ಎನ್ನುವಳು. ನನಗೆ ಸಿಟ್ಟು ನೆತ್ತಿಗೇರುವುದು. ಎರಡು ಮಾರು ದೂರದಲ್ಲಿ ಬಿದ್ದುಕೊಂಡು ಕರೆಯುತ್ತಿದ್ದೇನೆ, ಈಕೆ ಕಿಟಕಿಯಾಚೆಯ ಬೇವಿನ ಗಿಡವನ್ನು ನೋಡುತ್ತಾಳೆ! ಮತ್ತೆ ಕರೆಯುವೆ. ಹೀಗೇ ಕರೆದು ಕರೆದು ಒಂದು ಮಧ್ಯಾಹ್ನ 'ಅಕ್ಕಾ' ಎಂದು ಪೂರಾ ಬಾಯಿಗೆ ಬಂತು. ಆಕೆಯ ಕತ್ತು ನಿಧಾನಕ್ಕೆ ಎಡಕ್ಕೆ ಹೊರಳಿತು. ಕಣ್ಣು ನನ್ನ ಮೇಲೆ ಬಂದು ನಿಂತವು.

"ಅಯ್ಯ, ನೀ ಇಲ್ಲಿ ಅದಿ ಏನು? ಯಾವಾಗ ಬಂದಿ?"

ಎಷ್ಟೋ ದಿನದಿಂದ ಒಂದೇ ಖೋಲಿಯಲ್ಲಿದ್ದೆವು! ನನಗೆ ಅಳುವೋ ನಗುವೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಮುಂದೆ ಕರೆದಾಗಲೆಲ್ಲ ತಿರುಗತೊಡಗಿದಳು. ಒಮ್ಮೆ ತಿರುಗಿದವಳು ತನ್ನದೇ ಎಡಗೈ ಹಾಸಿಗೆಯ ಮೇಲೆ ಬಿದ್ದಿದ್ದನ್ನು ಕಂಡು, "ಇದು ನಂದೇ ಕಾಣ್ತದ," ಎಂದು ಬಲಗೈಯಿಂದ ಅದನ್ನು ಸವರಿದಳು. ಕಸರತ್ತಿನ ಸರ್ ಅವತ್ತು ನನ್ನ ಹೆಗಲು ತಟ್ಟಿ ಹೋದ. ಆ ದಿನಗಳಷ್ಟು ಸುಖ ನಾನು ನೆಟ್ಟಗಿದ್ದಾಗಲೂ ಪಟ್ಟಿರಲಿಲ್ಲ.

ಇನ್ನು ನನ್ನ ಅವ್ವನ ಮಾತು. ಅವ್ವ ಬ್ರಹ್ಮಪುರದ ತವರಿನಿಂದ ದಿನಾ ನಡೆದೇ ಬರುತ್ತಿದ್ದಳು. ನನ್ನ ಹಣೆಗೆ ಗುಡಿಯ ಅಂಗಾರ ಹಚ್ಚುವುದು, ಕಾಲೊತ್ತುವುದು, ಸಿಕ್ಕ ಸಿಕ್ಕವರನ್ನು ನಾನು ಯಾವಾಗ ಏಳುತ್ತೇನೆ ಎಂದು ಕೇಳುವುದು, ಇದೇ ಅವಳ ಕೆಲಸ. ಯಾರೋ ಪಾರಿವಾಳದ ರಕ್ತ ತಿಕ್ಕಿದರೆ ಲಕ್ವಾ ಹೋಗುತ್ತದೆ ಎಂದಾಗ, ಅದನ್ನೂ ತರಿಸಲು ಹೊರಟಿದ್ದವಳನ್ನು ನನ್ನ ಗಂಡ ಕೈಮುಗಿದು ತಡೆದಿದ್ದ. ಅವಳಿಗೆ ಆಯಾ ಒಂದು ದಿನ ಕಿವಿಯಲ್ಲಿ ಹೇಳಿದಳು, ನನಗೂ ಕೇಳಿಸಿತು: ಕಿಟಕಿಯ ಮಂಚದವರು ನಡೆದುಕೊಂಡು ಮನೆಗೆ ಹೋಗುತ್ತಾರೆ, ಗೋಡೆಯ ಮಂಚದಲ್ಲಿ ಹಿಂದೆ ಒಬ್ಬಾಕೆ ತೀರಿಕೊಂಡಳು. ಅಷ್ಟು ಸಾಕಾಯಿತು. ನಮ್ಮ ಕಡೆ ಸತ್ತವರ ಹಾಸಿಗೆಯನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಕೊಟ್ಟುಬಿಡುತ್ತೇವೆ. ಅಂಥದರ ಮೇಲೆ ಮಗಳನ್ನು ಮಲಗಿಸಿದ್ದೇನೆ ಎಂದು ಅವ್ವನ ಎದೆ ಒಡೆದುಹೋಯಿತು. ನೇರ ಹೋಗಿ ಅಕ್ಕನ ಕಾಲ ಬಳಿ, ಕಿಟಕಿಯ ಕಡೆಗೆ ಸರಿದು ನಿಂತಳು.

"ತಂಗೀ, ನನ್ನ ಮಗಳಿಗೆ ಸಣ್ಣ ಸಣ್ಣ ಮಕ್ಕಳವ. ಒಂದು ಮಾತು ಕೇಳ್ತೀನಿ, ಇಲ್ಲ ಅನಬ್ಯಾಡ. ನಿನ್ನ ಪಲಂಗ ಆಕಿಗೆ ಬಿಟ್ಟುಕೊಡು."

ಸತ್ತವಳ ಸಂಗತಿ ಮಾತ್ರ ಹೇಳಲಿಲ್ಲ. ಗಾಳಿ ಬೇಕು, ಬೆಳಕು ಬೇಕು ಎಂದಳು.

"ಇದ್ಕ ಇಷ್ಟ್ಯಾಕ ಸಂಕೋಚ ಮಾಡ್ತೀರಿ ಯಕ್ಕಾ? ಪಲಂಗೇನು ನನ್ನ ತವರಮನಿಯಿಂದ ತಂದೀನಾ? ತಗೋರಿ," ಎಂದಳು ಅಕ್ಕ. ಇಷ್ಟೇ. ಒಂದು ಗಳಿಗೆ ಯೋಚನೆ ಕೂಡ ಮಾಡಲಿಲ್ಲ.

ನಾನು ಎಲ್ಲ ಕೇಳುತ್ತ ಮಲಗಿದ್ದೆ. ಅಕ್ಕನಿಗೆ ಆ ಮಂಚ ಯಾಕೆ ಕೊಟ್ಟಿದ್ದಾರೆ ಎಂದು ಆ ಖೋಲಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆಗ ನನ್ನ ಬಾಯಿಗೆ ಕೆಲವು ಮಾತು ಬಂದಿದ್ದವು. ಅಕ್ಕಾ, ನೀರು, ಸಾಕು. ಬ್ಯಾಡ ಎನ್ನುವುದೂ ಬರುತ್ತಿತ್ತು. ಅಂದು ಬೆಳಿಗ್ಗೆಯೇ ಗಂಜಿ ತಂದ ಅವ್ವನಿಗೆ "ಬ್ಯಾಡ" ಎಂದು ಮುಖ ತಿರುಗಿಸಿದ್ದೆ. ಈಗ ಅದೇ ಒಂದು ಮಾತು ಆಡಬೇಕಿತ್ತು. ನಾಲಿಗೆ ಹೊರಳಲಿಲ್ಲವೋ, ನಾನೇ ಹೊರಳಿಸಲಿಲ್ಲವೋ? ಹೊರಳಲಿಲ್ಲ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ತೀರಿಕೊಂಡವಳ ಸುದ್ದಿ ಕೇಳಿದಾಗಿನಿಂದ ನನ್ನ ಬೆನ್ನಿಗೂ ಆ ಮಂಚ ಚುಚ್ಚುತ್ತಿತ್ತು. ನನಗೂ ನಡೆದುಕೊಂಡು ಮನೆಗೆ ಹೋಗಬೇಕಿತ್ತು. ಸಿಸ್ಟರ್ ಬಂದು ಒಂದಿಷ್ಟು ಗೊಣಗಿದಳು, ಅವ್ವ ಅವಳ ಗಲ್ಲ ಹಿಡಿದು ಬೇಡಿಕೊಂಡಳು, ಇಬ್ಬರನ್ನೂ ಅದಲುಬದಲು ಮಾಡಿದರು. ನನಗೆ ಕಿಟಕಿ ಬಂತು. ಅಕ್ಕನ ಎಡಕ್ಕೆ ಗೋಡೆ ಬಂತು.

ಅಲ್ಲಿಂದ ಮುಂದೆ ಎಲ್ಲವೂ ಆಕೆಗೆ ಬಲಗಡೆಯೇ. ಬಾಗಿಲು ಬಲಕ್ಕೆ, ಗಂಡ ಕೂರುವ ಸ್ಟೂಲು ಬಲಕ್ಕೆ, ನಾನು ಬಲಕ್ಕೆ. ಆಕೆಗೋ ಹಿಗ್ಗು. "ಈ ಪಲಂಗೇ ಚಲೋ ಅದ ಬಿಡು, ಎಲ್ಲಾರೂ ಕಾಣ್ತಾರ. ಅಲ್ಲಿ ಒಬ್ಬಾಕೀನೇ ಅದೀನಿ ಅನಸ್ತಿತ್ತು," ಎಂದಳು. ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಆಕೆಗೇ ಖುಷಿಯಿದ್ದರೆ ನನ್ನದೇನು ಎಂದುಕೊಂಡೆ. ನಾನು ಕರೆದರೆ ಈಗ ತಟ್ಟನೆ ಓಗೊಡುವಳು, ಎಡಕ್ಕೆ ತಿರುಗುವ ಕಷ್ಟವೇ ಇಲ್ಲ. ನಮ್ಮ ಹರಟೆ ಬೆಳೆಯಿತು, ನನ್ನ ಮಾತು ದಿನದಿನಕ್ಕೆ ತಿಳಿಯಾಯಿತು. ಆಕೆಯ ಎಡಗೈ ಮಾತ್ರ ಗೋಡೆಯ ಬುಡದಲ್ಲಿ ಯಾರೂ ನೋಡದೆ ಬಿದ್ದಿರುತ್ತಿತ್ತು. ಆಕೆಯೂ ನೋಡುತ್ತಿರಲಿಲ್ಲ.

ಆ ಹೊತ್ತಿಗೆ ನಮ್ಮನ್ನು ಗಾಲಿಕುರ್ಚಿಯಲ್ಲಿ ಕೆಳಗಿನ ಹಾಲಿಗೆ ಒಯ್ದು ಕಸರತ್ತು ಮಾಡಿಸುತ್ತಿದ್ದರು, ಹಾಗಾಗಿ ಸರ್ ನಮ್ಮ ಖೋಲಿಗೆ ಬರುತ್ತಿರಲಿಲ್ಲ. ಒಂದು ದಿನ ಅಕ್ಕನ ಮುಂದೆ ಬಹಳ ಹೊತ್ತು ಕೂತು, ಅದು ಹಿಡಿ, ಇದು ನೋಡು ಎಂದು ಹೇಳಿ ಬೇಸತ್ತು ನನ್ನ ಕಡೆ ಬಂದ.

"ಅಮ್ಮನ ಎಡಗಡೆ ಚಲೋ ಸುಧಾರಿಸ್ಲಾಕತ್ತಿತ್ತು. ಮತ್ತ ಯಾಕ ಹಿಂದ ಬಿತ್ತೋ ಏನೋ. ಟೀಚರ್, ಖೋಲ್ಯಾಗ ಪಲಂಗ ಹಂಗೇ ಅವಲ್ಲಾ?"

ಬಾಯಿ ತೆರೆದೆ. ತೆರೆದು, ಸೊಟ್ಟ ಮಾಡಿ, ಮೊದಲಿನ ಹಾಗೆ ಗೊರಗೊರ ಎಂದೆ. ಅವನು ಪಾಪ, "ಇರ್ಲಿ ಇರ್ಲಿ, ದಣೀಬ್ಯಾಡ್ರಿ," ಎಂದು ಕೈಹಿಡಿದ. ಅಂದು ಮುಂಜಾನೆ ಹಾಲು ತಣ್ಣಗಾಗಿದೆ ಎಂದು ಗಂಡನ ಮೇಲೆ ಕೂಗಾಡಿದ ಬಾಯಿ! ನಿಜ ಹೇಳಿದರೆ ಮಂಚ ಮತ್ತೆ ಬದಲಾಗುತ್ತದೆ, ನಾನು ಮತ್ತೆ ಆ ಗೋಡೆಗೆ ಹೋಗಬೇಕು. ಅಷ್ಟು ಹೊತ್ತಿಗೆ ನನ್ನ ಬಲಗಾಲಿನ ಬೆರಳು ಅಲುಗಾಡತೊಡಗಿದ್ದವು. ಆ ಮಂಚದ್ದೇ ಗುಣ ಎಂದು ಅವ್ವನಷ್ಟೇ ನಾನೂ ನಂಬಿದ್ದೆ, ಓದಿದವಳು, ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಥೂ ನನ್ನ ಬಾಳಿಗಿಷ್ಟು.

ನಾನು ಕೋಲು ಊರಿಕೊಂಡು ನಡೆದೇ ಮನೆಗೆ ಹೊರಟೆ. ಹೊರಡುವ ದಿನ ಅವ್ವ ಅಕ್ಕನಿಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ತಂದಿದ್ದಳು. ಉಡಿ ತುಂಬುವಾಗ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಬೇಕಲ್ಲ, ಅಕ್ಕ ಬಲಗೈಯಿಂದ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಹಿಡಿದೇ ಇದ್ದೇನೆ ಎಂದು ಆಕೆಯ ಲೆಕ್ಕ. ಅವ್ವ ಬೊಗಸೆ ಬೊಗಸೆ ಸುರಿದ ಅಕ್ಕಿ ಎಡಗಡೆಯಿಂದ ಸರಸರ ಜಾರಿ, ಮಂಚ ಗೋಡೆಗಳ ಸಂದಿನಲ್ಲಿ ಬಿತ್ತು. ಅಕ್ಕನಿಗೆ ಅದು ಕಾಣಲೇ ಇಲ್ಲ. ಖಾಲಿ ಸೆರಗನ್ನು ಕಣ್ಣಿಗೊತ್ತಿಕೊಂಡು ನನ್ನ ಕಡೆ ನೋಡಿ ನಕ್ಕಳು.

"ನನ್ನ ಪಲಂಗ ನಿನ್ನ ಎಬ್ಬಿಸಿ ನಿಲ್ಲಿಸ್ತು ನೋಡು! ಊರಿಗೆ ಬಾ. ಕೂಸಿನ ಕೌದಿ ನೋಡಲಾಕರ ಬಾ."

ನಾನು ಬರುತ್ತೇನೆ ಎಂದೆ. ಹೋಗಲಿಲ್ಲ. ಕಮಲಾಪುರವೇನು ಕಾಶಿಯಲ್ಲ, ಹುಮನಾಬಾದ್ ಕಡೆಯ ಯಾವ ಬಸ್ಸು ಹತ್ತಿದರೂ ಒಂದು ತಾಸಿನ ದಾರಿ. ಬಸ್ಸು ನಿಲ್ದಾಣದಲ್ಲಿ ಆ ಊರಿನ ಕೆಂಪು ಬಾಳೆಹಣ್ಣು ಕಂಡರೂ ಮುಖ ತಿರುಗಿಸಿ ನಡೆಯುತ್ತಿದ್ದೆ, ಅಕ್ಕನ ಗಂಡ ಬುತ್ತಿಯ ಜೊತೆ ತಂದು ನನ್ನ ಕೈಗೂ ಎರಡು ಇಡುತ್ತಿದ್ದ ಹಣ್ಣು ಅವು. ಅವ್ವನಿಗೆ ಒಮ್ಮೆ ಎಲ್ಲ ಹೇಳಿದೆ. ಅವಳು "ನಿನ್ನ ಸಲುವಾಗಿ ಮಾಡೀನಿ. ಪಾಪ ಇದ್ರ ನನಗಿರ್ಲಿ," ಎಂದಳು. ಪಾಪ ಹಾಗೆ ಕೈಯಿಂದ ಕೈಗೆ ದಾಟಿಸುವ ವಸ್ತುವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಬೇರೆ ಡಾಕ್ಟರೊಬ್ಬರಿಗೆ ಯಾರದೋ ಕಥೆಯೆಂಬಂತೆ ಹೇಳಿ ಕೇಳಿದೆ. ಮಂಚ ಹೇಗಿದ್ದರೂ ಕೆಲವರು ಸುಧಾರಿಸುವುದಿಲ್ಲ, ಇಂಥದರಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ ಎಂದರು. ಆ ಮಾತನ್ನು ನಂಬಲು ಬಹಳ ಪ್ರಯತ್ನಪಟ್ಟೆ.

ಕೆಲವು ವರ್ಷಗಳ ಮೇಲೆ ಹತ್ತನೆಯ ತರಗತಿಯ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಕಮಲಾಪುರಕ್ಕೆ ಹಾಕಿದರು. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬೆಳಗಿನ ಪರೀಕ್ಷೆ ಮುಗಿಯಿತು. ಬಸ್ಸಿಗೆ ಹೋಗಬೇಕೆಂದು ಹೊರಟವಳ ಕಾಲು ಊರೊಳಗೆ ನಡೆದವು. ಕೌದಿ ಹೊಲಿಯುವಾಕೆಯ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು.

ಬಾಗಿಲಲ್ಲೇ ಆಕೆಯ ಗಂಡ ನನ್ನ ಗುರುತು ಹಿಡಿದು, "ಬರ್ರಿ ಬರ್ರಿ ಟೀಚರ್," ಎಂದು ಹಿಗ್ಗಿನಿಂದ ಒಳಗೆ ಕರೆದ. ಪಡಸಾಲೆಯಲ್ಲಿ ಅಕ್ಕ ನವಾರಿನ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಆಕೆಯ ಎಡಕ್ಕೆ ಗೋಡೆ. ನಾನು ಆ ಗೋಡೆಯನ್ನೇ ನೋಡಿದೆ.

"ದವಾಖಾನ್ಯಾಗ ಹೆಂಗ ಹಾಕಿದ್ರೋ ಬರೋಬ್ಬರಿ ಹಂಗೇ ಹಾಕೀವ್ರಿ," ಎಂದ ಅವನು. "ಪಲಂಗ ಬದಲಾದ ಮ್ಯಾಲೂ ಡಾಕ್ಟರ್ ಮಂದಿ ಸುಮ್ಮನ ಹಂಗ ಮಲಗಿಸಿರಂಗಿಲ್ಲ ಅಂತ ನಾನೇ ಹೇಳಿದೆ. ಒಂದಿನಾನೂ ಬದಲ ಮಾಡಿಲ್ಲ."

ಅಕ್ಕ ನನ್ನನ್ನು ಕಂಡಳು, ನಾನು ಬಲಗಡೆಯಲ್ಲಿದ್ದೆನಲ್ಲ. "ಯವ್ವಾ, ಹೆಂಗ ನೆಟ್ಟಗ ನಿಂತಾಳ ನೋಡ್ರೀ ನಮ್ಮ ಟೀಚರ್! ನನ್ನ ಪಲಂಗದಾಗ ಮಲಗಿದಾಕಿ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಮುಖ ಬಾಡಿತ್ತು, ಮಾತು ಹಾಗೇ ಇತ್ತು. ಹಣೆಯ ಕುಂಕುಮ ಬಲಗಡೆಗೆ ಸರಿದಿತ್ತು. ಮೊಮ್ಮಗನ ಕೌದಿ ತೋರಿಸು ಎಂದು ಗಂಡನಿಗೆ ಹೇಳಿದಳು. ಅವನು ತಂದು ಬಿಡಿಸಿದ. ಅರ್ಧ ಭಾಗದಲ್ಲಿ ಹೊಲಿಗೆಯ ಮೇಲೆ ಹೊಲಿಗೆ, ಬೆರಳು ಓಡಿಸಿದರೆ ಹಲಗೆಯಂತೆ ಗಟ್ಟಿ. ಉಳಿದರ್ಧದಲ್ಲಿ ಒಂದೂ ಹೊಲಿಗೆಯಿಲ್ಲದೆ ಹಳೆಯ ಸೀರೆಯ ತುಂಡುಗಳು ಜೋತಾಡುತ್ತಿದ್ದವು.

"ಮ್ಯಾಲ ಕಲ್ಲು ಇಟ್ಟುಕೊಂಡು ಒಂದ ಕೈಲೇ ಹೊಲದಾಳ್ರಿ," ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. "ಮುಗದದ ಅಂತಾಳ. ನಾವೂ ಹೂಂ ಅಂದೀವಿ. ಕೂಸಿಗೆ ಸೊಲ್ಲಾಪುರದ ಚಾದರ ಹೊಚ್ಚತಾರ."

ಈ ಸಲ ನನ್ನ ನಾಲಿಗೆಗೆ ಯಾವ ನೆವವೂ ಇರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಸರ್ ನನಗೆ ಒಪ್ಪಿಸಿದ ಕೆಲಸ, ಅವ್ವ ಕೇಳಿದ್ದು, ಆ ಹಾಸಿಗೆಯಲ್ಲಿ ಸತ್ತವಳು, ಬರುತ್ತಿದ್ದರೂ ಆಡದೆ ನುಂಗಿದ 'ಬ್ಯಾಡ', ಕಸರತ್ತಿನ ಹಾಲಿನಲ್ಲಿ ಸರ್ ಮುಂದೆ ನಾನು ಆಡಿದ ನಾಟಕ. ಅಕ್ಕ ಕೇಳಿ ನಕ್ಕುಬಿಟ್ಟಳು.

"ಹುಚ್ಚಿ ಅದಿ ಏನು? ಇದನ್ನ ಮನಸ್ಸಿನಾಗ ಇಟ್ಟುಕೊಂಡು ಕುಂತಿದ್ದೀ? ನನಗೇನಾಗ್ಯಾದ ಹೇಳು. ಎಡಗೈ ಒಂದಿಷ್ಟು ಜಡ ಅದ, ಅಷ್ಟೇ. ಕೌದಿ ಹೊಲದೀನಿಲ್ಲ?"

ಏನು ಕಳೆದುಕೊಂಡೆ ಎಂದೇ ಗೊತ್ತಿಲ್ಲದವಳು ಕ್ಷಮಿಸಿದರೆ ನಾನು ಅದನ್ನು ಎಲ್ಲಿ ಇಟ್ಟುಕೊಳ್ಳಲಿ? ಗಂಡನ ಕಡೆ ನೋಡಿದೆ. ಅವನು ಕೌದಿಯನ್ನು ಮಡಚುತ್ತ, "ಅವತ್ತೇ ಒಂದು ಮಾತು ಅಂದಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬಯ್ಯಲಿಲ್ಲ. ಕೌದಿಯನ್ನು ಗೂಟಕ್ಕೆ ಹಾಕಿ ಬಂದು, ಮಂಚದ ಒಂದು ತುದಿಗೆ ಕೈ ಹಚ್ಚಿದ. ಇನ್ನೊಂದು ತುದಿಯನ್ನು ನಾನು ಹಿಡಿದೆ. ನನ್ನ ಬಲಗೈ ಸರಿಯಾಗಿಯೇ ಹಿಡಿಯಿತು.

"ಏನು, ನನ್ನ ಪಲ್ಲಕ್ಕಿ ಎತ್ಲಾಕತ್ತೀರಿ?" ಎಂದು ಅಕ್ಕ ಮತ್ತೆ ನಕ್ಕಳು. ಅವಳನ್ನು ಕೂರಿಸಿಕೊಂಡೇ ಮಂಚವನ್ನು ಎಳೆದು ಎದುರಿನ ಗೋಡೆಗೆ ಹಚ್ಚಿದೆವು. ಈಗ ಆಕೆಯ ಬಲಕ್ಕೆ ಗೋಡೆ. ಎಡಕ್ಕೆ ಇಡೀ ಪಡಸಾಲೆ, ಬಾಗಿಲು, ಗಂಡ, ನಾನು. ನಾನು ಆ ಆಸ್ಪತ್ರೆಯ ಮಂಚದಷ್ಟೇ ದೂರದಲ್ಲಿ ನೆಲದ ಮೇಲೆ ಕೂತು ಕರೆದೆ.

"ಅಕ್ಕಾ."

ಆಕೆಯ ಕತ್ತು ಬಲಕ್ಕೆ ಹೊರಳಿತು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಮುಖದ ಮೇಲಿನ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು.

"ಟೀಚರ್ ಎಲ್ಲಿ ಹೋದ್ಳು?" ಎಂದು ಗಂಡನನ್ನು ಕೇಳಿದಳು. "ಈಗ ಇಲ್ಲೇ ಇದ್ಳಲ್ಲ. ಹೇಳದ ಕೇಳದ ಹೋಗಿಬಿಟ್ಳೇನು?"

ಗಂಡ ಬಾಯಿ ತೆರೆದ. ನಾನು ಕೈ ಸನ್ನೆ ಮಾಡಿ ಸುಮ್ಮನಿರಲು ಹೇಳಿದೆ. ಕಲಬುರ್ಗಿಯ ಬಸ್ಸು ಹಾರ್ನ್ ಹೊಡೆಯುತ್ತ ರಸ್ತೆಯಲ್ಲಿ ಹೋದದ್ದು ಕೇಳಿಸಿತು. ಹೋಗಲಿ ಎಂದುಕೊಂಡು, ಕೂತಲ್ಲಿಂದ ಏಳದೆ, ಎಡಗಡೆಯಿಂದಲೇ ಮತ್ತೆ ಕರೆದೆ.